ಬಾಣಂತನಕ್ಕೆ ಮಾತ್ರ ಅಲ್ಲ, ಮಗು ಮಾತು ಕಲಿಯುವಾಗಲೂ ಬನ್ನಿ

ನಾನಿರುವುದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಇಲ್ಲಿನ ಎಷ್ಟೋ ಪ್ರೈಮರಿ ಶಾಲೆಗಳು ಬುಧವಾರ ಮಧ್ಯಾಹ್ನಕ್ಕೇ ಬಿಡುತ್ತವೆ. ಆ ಹೊತ್ತಿಗೆ ಶಾಲೆಯ ಗೇಟಿನ ಹತ್ತಿರ ನಿಂತು ನೋಡಿದರೆ, ಕಾಯುತ್ತಿರುವವರಲ್ಲಿ ತಲೆ ನರೆತವರು ಬೇಕಾದಷ್ಟು ಜನ. ಅವರ ಸೈಕಲ್ಲಿಗೆ ಮಕ್ಕಳ ಸೀಟು ಇರುತ್ತದೆ. ಮೊಮ್ಮಗು ಬರುತ್ತಲೇ ಬ್ಯಾಗು ಇಸಿದುಕೊಂಡು, ಜಾಕೆಟ್ಟಿನ ಜಿಪ್ ಎಳೆದು, ಕೂರಿಸಿಕೊಂಡು ಹೊರಟರೆ ಸಂಜೆಯವರೆಗೆ ಮಗು ಅವರದು. ಅವತ್ತು ಅಜ್ಜಿಯ ದಿನ. ಇಲ್ಲಿನವರು ಹಾಗೆಯೇ ಹೇಳುತ್ತಾರೆ, 'ಒಮಾ ದಿನ' ಅಂತ. ವಾರಕ್ಕೆ ಒಂದು ದಿನ, ಕೆಲವರ ಮನೆಯಲ್ಲಿ ಎರಡು. ಪ್ರತಿ ವಾರವೂ ಅದೇ ದಿನ, ಅದೇ ಹೊತ್ತು. ಉಳಿದ ದಿನ ಅಜ್ಜಿ ತನ್ನ ಈಜು, ತನ್ನ ಗೆಳತಿಯರು, ತನ್ನ ತೋಟ ಅಂತ ಇರುತ್ತಾಳೆ. ಮಗುವಿನ ತಂದೆ-ತಾಯಿ ಕೂಡ ಬೇರೆ ದಿನ ಕರೆಯಬೇಕಾದರೆ ಮೊದಲೇ ಕೇಳುತ್ತಾರೆ.

ನಮ್ಮ ಕಡೆಯ ಅಜ್ಜಿ ಇಲ್ಲಿಗೆ ಬರುವ ರೀತಿಯೇ ಬೇರೆ. ಹೆರಿಗೆಯ ದಿನ ಗೊತ್ತಾದ ಕೂಡಲೇ ಮನೆಯಲ್ಲಿ ಲೆಕ್ಕ ಶುರು. ಮೊದಲ ಮೂರು ತಿಂಗಳು ಹುಡುಗಿಯ ತಾಯಿ. ಅವರು ವಾಪಸು ವಿಮಾನ ಹತ್ತುವ ವಾರವೇ ಹುಡುಗನ ತಾಯಿ ಬಂದಿಳಿಯಬೇಕು. ಅವರದ್ದೊಂದು ಮೂರು ತಿಂಗಳು. ಅಷ್ಟರಲ್ಲಿ ಮಗುವಿಗೆ ಆರು ತಿಂಗಳಾಗುತ್ತದೆ, ಡೇಕೇರ್‌ಗೆ ಹಾಕಬಹುದು. ಇಬ್ಬರೂ ತಮ್ಮ ತಮ್ಮ ಸರದಿ ಮುಗಿಸಿ ಊರಿಗೆ ಹೋದರೆ, ಮತ್ತೆ ಬರುವ ಮಾತು ಏಳುವುದು ಎರಡನೇ ಮಗುವಿಗೇ. ಇಲ್ಲಿನ ಕನ್ನಡಿಗರ ಮನೆಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಇದನ್ನೇ. ಬಂದವರು ಯಾರೂ ಒಲ್ಲದ ಮನಸ್ಸಿನಿಂದ ಬರುವುದಿಲ್ಲ. ಆಸೆಪಟ್ಟೇ ಬರುತ್ತಾರೆ. ಆದರೂ ಈ ಏರ್ಪಾಡು ಸರಿಯಿಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ. ಅಜ್ಜ-ಅಜ್ಜಿ ಇಲ್ಲಿರಲು ಸಿಗುವ ಅಷ್ಟೂ ದಿನವನ್ನು, ಮಗುವಿಗೆ ಇನ್ನೂ ಯಾರು ಯಾರೆಂದು ತಿಳಿಯದ ಕಾಲದಲ್ಲಿ, ಅಡುಗೆಮನೆಯಲ್ಲೇ ಮುಗಿಸಿಬಿಡುತ್ತೇವೆ. ಮಗು ಮಾತು ಕಲಿತು, ಸೆರಗು ಹಿಡಿದು ಓಡಾಡಿ, ಕತೆ ಹೇಳು ಅಂತ ಪೀಡಿಸುವ ಕಾಲಕ್ಕೆ ಅಜ್ಜಿ ವಿಡಿಯೋ ಕಾಲ್‌ನಲ್ಲಿರುತ್ತಾಳೆ.

ದಿನಗಳು ಕಮ್ಮಿ ಅನ್ನುವುದೇ ಇಲ್ಲಿ ಮುಖ್ಯ. ಅಮೆರಿಕಕ್ಕೆ ಹೋದ ತಂದೆ-ತಾಯಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳು ಇರಲು ಬಿಡುತ್ತಾರೆ. ಇಂಗ್ಲೆಂಡಿನಲ್ಲೂ ಆರು ತಿಂಗಳು. ನಮ್ಮದು ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ವೀಸಾ. ಯಾವುದೇ 180 ದಿನದಲ್ಲಿ 90 ದಿನ ಮಾತ್ರ. ಬಂದಿಳಿದ ದಿನವೂ ಲೆಕ್ಕ, ಹೊರಟ ದಿನವೂ ಲೆಕ್ಕ. ಬೆಂಗಳೂರಿನಲ್ಲಿ ಅರ್ಜಿ ಹಾಕಬೇಕು, ಬೆರಳಚ್ಚು ಕೊಡಬೇಕು. 2024ರ ಜೂನ್‌ನಿಂದ ಒಬ್ಬರಿಗೆ 90 ಯೂರೋ ಶುಲ್ಕ. ಕನಿಷ್ಠ 30,000 ಯೂರೋ ಚಿಕಿತ್ಸೆಗೆ ಆಗುವಂಥ ಪ್ರಯಾಣ ವಿಮೆ ಬೇಕು. ಸಕ್ಕರೆ ಕಾಯಿಲೆ, ಬಿಪಿಯಂಥ ಹಳೆಯ ತೊಂದರೆಗೆ ಆ ವಿಮೆ ಸಾಮಾನ್ಯವಾಗಿ ಆಗಿಬರುವುದಿಲ್ಲ. ಹಾಗಾಗಿ ಮೂರು ತಿಂಗಳ ಮಾತ್ರೆ, ಡಾಕ್ಟರ ಚೀಟಿ ಎಲ್ಲ ಊರಿನಿಂದಲೇ ಹೊತ್ತು ತರಬೇಕು. ಇತ್ತ ನಾವು 'ಇವರ ಖರ್ಚಿಗೆ ನಾನು ಜವಾಬ್ದಾರ' ಅನ್ನುವ ಫಾರಂ ತುಂಬಿ, ಇಲ್ಲಿನ ಪುರಸಭೆಯ ಅಧಿಕಾರಿಯ ಎದುರಿಗೇ ಸಹಿ ಹಾಕಿ, ಅದನ್ನು ಊರಿಗೆ ಕಳಿಸಬೇಕು. ಕಾನೂನಿನ ಪ್ರಕಾರ ಒಬ್ಬರು ವರ್ಷಕ್ಕೆ ಎರಡು ಸಲ ಮೂರು ಮೂರು ತಿಂಗಳು ಬಂದು ಇರಬಹುದು. ನಿಜವಾಗಿ ಎಲ್ಲಿ ಆಗುತ್ತದೆ? ಮಂಡಿ ನೋವಿದೆ. ಊರಿನ ಮನೆ ಇದೆ. ಮನೆಯಲ್ಲಿ ಇನ್ನೊಂದು ಮೊಮ್ಮಗು ಇರುತ್ತದೆ. ತೋಟವೋ ಹಸುವೋ ಇದ್ದರಂತೂ ಇಬ್ಬರಲ್ಲಿ ಒಬ್ಬರು ಉಳಿದುಕೊಳ್ಳಲೇಬೇಕು. ಎಷ್ಟೋ ಅಜ್ಜಂದಿರು ಮೊಮ್ಮಗುವನ್ನು ಎತ್ತಿಕೊಳ್ಳುವುದು ಮಗು ಊರಿಗೆ ಬಂದಾಗಲೇ.

ಬರುವ ಅಜ್ಜಿಯ ತಯಾರಿ ನೋಡಿದರೆ ಬಾಣಂತನ ಎಷ್ಟು ದೊಡ್ಡ ಕೆಲಸ ಅಂತ ಗೊತ್ತಾಗುತ್ತದೆ. ಒಣಶುಂಠಿ, ಮೆಣಸು, ಹಿಪ್ಪಲಿ, ಬಜೆ, ಓಮ, ಬಾಣಂತಿ ಖಾರದ ಪುಡಿ, ತಲೆಗೆ ಕಟ್ಟಲು ಮೆತ್ತಗಿನ ಹಳೆಯ ಪಂಚೆ, ಮಗುವಿಗೆ ಹಾಸಲು ಸೀರೆಯ ಕೌದಿ. ಪ್ರತಿ ಪೊಟ್ಟಣದ ಮೇಲೂ ಪೆನ್ನಿನಲ್ಲಿ ಹೆಸರು. ಅದರ ಜೊತೆಗೆ ಮನೆಯಲ್ಲಿ ಕಾಯಿಸಿದ ತುಪ್ಪದ ಡಬ್ಬ ತರಬೇಕೆಂಬ ಆಸೆ. ಅದಕ್ಕೆ ಮಾತ್ರ ಇಲ್ಲಿ ದಾರಿಯಿಲ್ಲ. ಯುರೋಪಿನ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ. ತುಪ್ಪವೂ ಅದರಲ್ಲೇ ಬಂತು, ಪೇಡವೂ ಬಂತು. ಕರಿಬೇವಿನ ಸೊಪ್ಪೂ ಸುಮ್ನೆ ಬ್ಯಾಗಿಗೆ ಹಾಕಿಕೊಂಡು ಬರುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಎಪ್ಪತ್ತು ವರ್ಷದ ಹೆಂಗಸಿನ ಕೈಯಿಂದ ತುಪ್ಪದ ಡಬ್ಬ ಕಸಿದು ಬಿಸಾಡುವುದನ್ನು ನೋಡುವ ಸಂಕಟ ಬೇಡ. ಮೊದಲೇ ಹೇಳಿಬಿಡಿ. ಇಲ್ಲಿ ಒಳ್ಳೆಯ ಬೆಣ್ಣೆ ಸಿಗುತ್ತದೆ. ಉಪ್ಪಿಲ್ಲದ್ದನ್ನು ತಂದು ಕಾಯಿಸಿದರೆ ಹರಳು ಹರಳಾದ ತುಪ್ಪ ಆಗುತ್ತದೆ.

ಬಂದ ಮೇಲೆ ಅವರ ದಿನಚರಿ ಏನು? ಬೆಳಿಗ್ಗೆ ಎದ್ದು ಬಾಣಂತಿಗೆ ಕಷಾಯ, ಮಗುವಿಗೆ ಎಣ್ಣೆ ನೀರು. ಇಲ್ಲಿನ ಬಚ್ಚಲಲ್ಲಿ ಹಂಡೆಯಿಲ್ಲ, ಮಣೆಯಿಲ್ಲ. ಗಾಜಿನ ಬಾಗಿಲಿನ ಶವರ್ ಒಳಗೆ ನೆಲದ ಮೇಲೆ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ನೀರು ಹೊಯ್ಯಬೇಕು. ಆಮೇಲೆ ಗೋಡೆ ಹಿಡಿದು ಏಳಬೇಕು. ಸಾಂಬ್ರಾಣಿ ಹಾಕೋಣ ಅಂದರೆ ಹೊಗೆ ಅಲಾರಂ ಹೊಡೆದುಕೊಳ್ಳುತ್ತದೆ. 2022ರ ಜುಲೈಯಿಂದ ಇಲ್ಲಿ ಮನೆಯ ಪ್ರತಿ ಅಂತಸ್ತಿಗೂ ಅದು ಕಡ್ಡಾಯ. ಮಧ್ಯಾಹ್ನ ಮೆಣಸಿನ ಸಾರು, ರಾತ್ರಿ ಬಿಸಿಬಿಸಿ ಇನ್ನೊಂದು ಅಡುಗೆ, ನಡುವೆ ನೋಡಲು ಬಂದವರಿಗೆ ಕಾಫಿ, ತಿಂಡಿ. ಹೊರಗೆ ನವೆಂಬರ್ ಆದರೆ ಸಂಜೆ ಐದಕ್ಕೇ ಕತ್ತಲೆ. ಊರಲ್ಲಾದರೆ ಇಷ್ಟೇ ಕೆಲಸಕ್ಕೆ ಕೈಜೋಡಿಸಲು ಅಕ್ಕಪಕ್ಕದವರು, ಕೆಲಸದವಳು, ವಾರಗಿತ್ತಿ ಯಾರಾದರೂ ಇರುತ್ತಾರೆ. ಇಲ್ಲಿ ಎಲ್ಲವೂ ಒಬ್ಬಳೇ. ಬಂದಿರುವುದೇನೋ ಪ್ರವಾಸಿಗರಿಗೆ ಕೊಡುವ ವೀಸಾದಲ್ಲೇ. ಟ್ಯೂಲಿಪ್ ಹೂವಿನ ತೋಟ ನೋಡಿದ್ದು ಒಂದು ಭಾನುವಾರ ಮಾತ್ರ.

ಇಷ್ಟೆಲ್ಲ ಕೆಲಸ ಅಜ್ಜಿಯೊಬ್ಬಳ ತಲೆ ಮೇಲೆ ಬೀಳಬೇಕಾದ ಅಗತ್ಯ ಈ ದೇಶದಲ್ಲಿ ಇಲ್ಲ ಅನ್ನುವುದು ನನ್ನ ಮಾತು.

ಇಲ್ಲಿ ಹೆರಿಗೆಯಾದ ಮನೆಗೆ ಬಾಣಂತಿ ನೋಡಿಕೊಳ್ಳುವ ದಾದಿ ಬರುತ್ತಾರೆ. ಅದಕ್ಕೆ ಕ್ರಾಮ್‌ಝೋರ್ಖ್ ಅನ್ನುತ್ತಾರೆ. ಸಾಮಾನ್ಯವಾಗಿ ಎಂಟು ದಿನ. ಕಡಿಮೆಯೆಂದರೆ ಒಟ್ಟು 24 ಗಂಟೆ, ತಾಯಿ-ಮಗುವಿನ ಸ್ಥಿತಿ ನೋಡಿ ಜಾಸ್ತಿ ಮಾಡುತ್ತಾರೆ. ಎಲ್ಲರಿಗೂ ಕಡ್ಡಾಯವಾಗಿರುವ ಮೂಲ ವಿಮೆಯಲ್ಲೇ ಇದು ಸೇರಿದೆ. ಗಂಟೆಗೆ ಸುಮಾರು ಐದು ಯೂರೋ ನಾವು ಕೊಡಬೇಕು, ಅಷ್ಟೇ. ಬಸುರಿನ ಮೊದಲ ತಿಂಗಳುಗಳಲ್ಲೇ ಹೆಸರು ಬರೆಸಿಟ್ಟರೆ ಒಳ್ಳೆಯದು. ನಮ್ಮ ಮನೆಗೆ ಬಂದವರು ಐವತ್ತರ ಆಸುಪಾಸಿನ ಹೆಂಗಸು. ಬಂದವರೇ ಕೋಟು ತೆಗೆದು ಮೊದಲು ಬಾಣಂತಿಯನ್ನು ನೋಡಿದರು, ಆಮೇಲೆ ಮಗುವಿನ ಜ್ವರ ಅಳೆದರು. ತೊಟ್ಟಿಲು ತಣ್ಣಗಿದೆ ಅಂತ ತಗಡಿನ ಬಾಟ್ಲಿಗೆ ಬಿಸಿನೀರು ತುಂಬಿ, ಬಟ್ಟೆ ಚೀಲ ಹಾಕಿ, ಮಗುವಿಗೆ ತಾಗದ ಹಾಗೆ ಇಟ್ಟರು. ಹಾಲು ಕುಡಿಸುವಾಗ ಮಗುವಿನ ಬಾಯಿ ಎಷ್ಟು ಅಗಲ ತೆರೆಯಬೇಕು ಅಂತ ನನ್ನ ಹೆಂಡತಿಯ ಪಕ್ಕದಲ್ಲೇ ಕೂತು ತೋರಿಸಿದರು. ಸ್ನಾನ ಮಾಡಿಸುವುದನ್ನು ಹೇಳಿಕೊಟ್ಟಿದ್ದು ನನಗೆ. ಎರಡನೇ ದಿನ ನಾನೇ ಮಾಡಿಸಬೇಕು, ಅವರು ಕೈಕಟ್ಟಿ ನಿಂತು ನೋಡುತ್ತಾರೆ. ಬಚ್ಚಲು ತೊಳೆದು, ಬಟ್ಟೆ ಮೆಷಿನ್‌ಗೆ ಹಾಕಿ, ನಮಗೆ ಮಧ್ಯಾಹ್ನ ಮಲಗಲು ಹೇಳಿ ಹೋಗುತ್ತಿದ್ದರು.

ನೋಡಲು ಬರುವವರ ವಿಷಯದಲ್ಲೂ ಇವರದು ಬಿಗಿ. ಮಗು ಹುಟ್ಟಿದ ಸುದ್ದಿಗೆ ಕಾರ್ಡು ಅಚ್ಚು ಹಾಕಿಸಿ ಅಂಚೆಯಲ್ಲಿ ಕಳಿಸುತ್ತಾರೆ. ತಾಯಿ-ಮಗು ಮಲಗುವ ಹೊತ್ತು ಯಾವುದು, ಆಗ ಬರಬೇಡಿ ಅಂತ ಎಷ್ಟೋ ಕಾರ್ಡುಗಳಲ್ಲಿ ಬರೆದಿರುತ್ತದೆ. ಕೇಳಿಕೊಂಡು ಬರಬೇಕು, ಒಂದು ಗಂಟೆ ಕೂತು ಎದ್ದು ಹೋಗಬೇಕು. ಬಂದವರಿಗೆ ದುಂಡನೆಯ ರಸ್ಕಿನ ಮೇಲೆ ಬೆಣ್ಣೆ ಸವರಿ, ಸಕ್ಕರೆ ಕಟ್ಟಿದ ಸೋಂಪು ಉದುರಿಸಿ ಕೊಡುತ್ತಾರೆ. ಹೆಣ್ಣಾದರೆ ಗುಲಾಬಿ-ಬಿಳಿ, ಗಂಡಾದರೆ ನೀಲಿ-ಬಿಳಿ. ಸೋಂಪು ತಿಂದರೆ ಎದೆಹಾಲು ಬರುತ್ತದೆ ಅನ್ನುವ ನಂಬಿಕೆ ಇವರಲ್ಲೂ ಹಳೆಯದು. ನಮ್ಮತ್ತೆಗೆ ಇದನ್ನು ಹೇಳಿದಾಗ ಅವರಿಗೆ ಈ ದೇಶದ ಮೇಲೆ ಒಂದು ಥರದ ವಿಶ್ವಾಸವೇ ಬಂದುಬಿಟ್ಟಿತು.

ರಜೆಯ ಲೆಕ್ಕವನ್ನೂ ನೋಡಿ. ತಾಯಿಗೆ ಹೆರಿಗೆಗೆ ಮುಂಚೆ-ಆಮೇಲೆ ಸೇರಿ 16 ವಾರ. ಇದು ನಮ್ಮ ದೇಶದ 26 ವಾರಕ್ಕಿಂತ ಕಮ್ಮಿಯೇ. ಆದರೆ ತಂದೆಗೆ ಮೊದಲ ವಾರ ಪೂರ್ತಿ ಸಂಬಳ. 2020ರ ಜುಲೈಯಿಂದ ಇನ್ನೂ ಐದು ವಾರ ಶೇಕಡ 70ರಷ್ಟು ಸಂಬಳದ ರಜೆ ಸೇರಿದೆ. ಅದು ಸಾಲದು ಅಂತ 2022ರ ಆಗಸ್ಟ್‌ನಿಂದ, ಮಗುವಿಗೆ ವರ್ಷ ತುಂಬುವುದರೊಳಗೆ, ತಾಯಿಗೂ ತಂದೆಗೂ ತಲಾ ಒಂಬತ್ತು ವಾರ, ಅದೂ ಶೇಕಡ 70ರ ಲೆಕ್ಕದಲ್ಲಿ. ಗಂಡಸರು ವಾರಕ್ಕೆ ನಾಲ್ಕು ದಿನ ಕೆಲಸ ಮಾಡಿ ಒಂದು ದಿನ ಮಗುವಿನ ಜೊತೆ ಇರುವುದು ಇಲ್ಲಿ ಮಾಮೂಲು. ನಮ್ಮ ಹುಡುಗರು ಈ ರಜೆ ಕೇಳಲು ಹಿಂಜರಿಯುತ್ತಾರೆ. 'ಅಮ್ಮ ಬರ್ತಾರಲ್ಲ, ರಜೆ ಯಾಕೆ?' ಅನ್ನುತ್ತಾರೆ. ಹೀಗೆ ಮಗ ತೆಗೆದುಕೊಳ್ಳದ ರಜೆಯನ್ನು ಅಮ್ಮ ತುಂಬಿಕೊಡುತ್ತಾಳೆ. ಸರ್ಕಾರ ಕೊಟ್ಟ ರಜೆ ಹಾಗೇ ಬಿದ್ದುಹೋಗುತ್ತದೆ.

ಈ ಮಾತನ್ನು ಅಮೆರಿಕದಲ್ಲಿರುವವರಿಗೆ ನಾನು ಹೇಳಲಾರೆ. ನ್ಯೂಜೆರ್ಸಿಯಲ್ಲಿರುವ ನನ್ನ ದೊಡ್ಡಪ್ಪನ ಮಗಳ ಜೊತೆ ಈ ವಿಷಯ ಬಂದಾಗ ಅವಳು ನೇರವಾಗಿ ಕೇಳಿದಳು, 'ನಮಗೆ ಅಮ್ಮ ಬರದಿದ್ದರೆ ಮಗುವನ್ನು ಯಾರು ನೋಡ್ಕೋಬೇಕಿತ್ತು ಹೇಳು?' ಅವಳ ಮಾತು ಸರಿ. ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಸಂಬಳದ ಹೆರಿಗೆ ರಜೆ ಅನ್ನುವುದೇ ಇಲ್ಲ. 1993ರ ಕಾನೂನು ಕೊಡುವುದು 12 ವಾರ, ಅದೂ ಸಂಬಳವಿಲ್ಲದೆ, ಅದೂ ಎಲ್ಲರಿಗೂ ಅಲ್ಲ. ಕೆಲವು ರಾಜ್ಯಗಳು, ಕೆಲವು ಕಂಪನಿಗಳು ತಾವಾಗಿ ಕೊಡುತ್ತವೆ. ಅಲ್ಲಿ ಆರು ತಿಂಗಳು ಬಂದಿರುವ ಅಜ್ಜಿ ಮಗಳ ಕೆಲಸವನ್ನೇ ಉಳಿಸುತ್ತಾಳೆ. ಆದರೆ ನಾವು ಯುರೋಪಿನಲ್ಲಿರುವವರು ಅವರ ರೂಢಿಯನ್ನೇ ಇಲ್ಲಿಗೂ ತಂದುಕೊಂಡಿದ್ದೇವೆ. ಅಲ್ಲಿನ ಕಷ್ಟ ನಮಗಿಲ್ಲ. ಅಲ್ಲಿನಷ್ಟು ದಿನವೂ ನಮಗಿಲ್ಲ. ಹಾಗಿರುವಾಗ ಇರುವ 90 ದಿನವನ್ನು ಬೇರೆ ಥರ ಬಳಸಬೇಕು, ಅಲ್ವಾ?

ನಾವು ಬಳಸಿದ ರೀತಿ ಹೀಗೆ. ದಾದಿಯ ಎಂಟು ದಿನ ಮುಗಿದ ಮೇಲೆ ನಮ್ಮತ್ತೆ ಬಂದರು. ನಾನೂ ರಜೆಯಲ್ಲಿದ್ದೆ. ಒಂದೂವರೆ ತಿಂಗಳಿದ್ದು ಹೋದರು. 'ಮೊದಲ ಬಾಣಂತನಕ್ಕೆ ತಾಯಿ ಇಷ್ಟೇ ದಿನ ಇರೋದುಂಟಾ?' ಅಂತ ಊರಿನಲ್ಲಿ ನೆಂಟರ ಮಾತು ಬಂತು. ನಮ್ಮತ್ತೆ ಅದಕ್ಕೆ ಜಗ್ಗಲಿಲ್ಲ. 'ಮಗು ಓಡಾಡೋವಾಗ ಇನ್ನೊಂದು ಸಲ ಹೋಗ್ತೀನಿ, ಆಗಲೇ ಮಜಾ' ಅಂದರಂತೆ. ಹೇಳಿದ ಹಾಗೆ, ಮಗಳಿಗೆ ಎರಡು ವರ್ಷ ಆಗುವ ಹೊತ್ತಿಗೆ ಅತ್ತೆ, ಮಾವ ಇಬ್ಬರೂ ಬಂದರು. ಮಧ್ಯದಲ್ಲಿ ನನ್ನ ಅಪ್ಪ-ಅಮ್ಮ ಬಂದು ಹೋಗಿದ್ದರು. ಅವರೂ ಅಷ್ಟೇ, ಪೂರ್ತಿ ಮೂರು ತಿಂಗಳು ಇರಲಿಲ್ಲ.

ಆ ಎರಡನೇ ಸಲ ಬಂದಿದ್ದು ಜೂನ್‌ನಲ್ಲಿ. ಆಗ ಇಲ್ಲಿನ ಸಂತೆಯಲ್ಲಿ ದಪ್ಪ ಕಾಳಿನ ಹಸಿ ಬೀನ್ಸ್ ಬರುತ್ತದೆ. ಸಿಪ್ಪೆಯೊಳಗೆ ಹತ್ತಿ ಥರ ಮೆತ್ತಗಿರುತ್ತದೆ, ಕಾಳು ನಮ್ಮ ಅವರೆಗಿಂತ ಎರಡು ಪಾಲು ದೊಡ್ಡದು. ನಮ್ಮತ್ತೆ ಒಂದು ಕಾಯಿ ಮುರಿದು ಮೂಸಿ ನೋಡಿ, 'ಇದರಲ್ಲಿ ಹಿತಕಿದ ಬೇಳೆ ಆಗುತ್ತೆ' ಅಂತ ಎರಡು ಕಿಲೋ ತೂಗಿಸಿದರು. ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿತ್ತಲ ಬಾಗಿಲ ಬಳಿ ನೆಲದ ಮೇಲೆ ಕೂತರು. ಎದುರಿಗೆ ಮಗಳು. ಅಜ್ಜಿ ಹೆಬ್ಬೆರಳು-ತೋರುಬೆರಳಿನಲ್ಲಿ ಒತ್ತಿದರೆ ಬೇಳೆ ಸೀದಾ ಬಟ್ಟಲಿಗೆ. ಮಗಳು ಒತ್ತಿದರೆ ಅದು ಹಾರಿ ಸೋಫಾದ ಕೆಳಗೆ. ಪ್ರತಿ ಸಲ ಹಾರಿದಾಗಲೂ ಅಜ್ಜಿ 'ಎಲ್ಲಿ ಹೋಯ್ತು?' ಅನ್ನುವುದು, ಇವಳು ಬಗ್ಗಿ ಹುಡುಕಿ 'ಇಲ್ಲಿ ಹೋಯ್ತು' ಅನ್ನುವುದು. ಡೇಕೇರ್‌ನಲ್ಲಿ ದಿನವಿಡೀ ಡಚ್ ಕೇಳಿ ಬರುವ ಮಗು. ನಮ್ಮ ಜೊತೆ ಒಂದೊಂದೇ ಪದ ಕನ್ನಡ ಆಡುತ್ತಿದ್ದವಳು. ಆ ಬೆಳಿಗ್ಗೆ ಮುಗಿಯುವುದರೊಳಗೆ ಸಿಪ್ಪೆ, ಬೇಳೆ, ಒತ್ತು, ಹಾರ್ತು, ಸಿಕ್ತು, ಇನ್ನೂ ಇದೆ, ಸಾಕು, ಎಲ್ಲ ಬಾಯಿಗೆ ಬಂದಿದ್ದವು. ನಾನು ಪುಸ್ತಕ ಹಿಡಿದು ಕೂತರೆ ಇದು ಆಗುವುದಿಲ್ಲ. ನನಗೆ ಅಷ್ಟು ಹೊತ್ತು ಒಂದೇ ಕಡೆ ಕೂರಲು ಪುರುಸೊತ್ತೂ ಇರುವುದಿಲ್ಲ. ಸಾರಿಗೆ ತೆಂಗಿನಕಾಯಿ ರುಬ್ಬಿದ್ದು ಮಾತ್ರ ನಾನು.

ಮೂರು ತಿಂಗಳ ಮಗುವಿಗೆ ಈ ಅಜ್ಜಿ ಸಿಗುವುದಿಲ್ಲ. ಆ ವಯಸ್ಸಿನ ಮಗುವಿಗೆ ಬೆಚ್ಚಗಿನ ಕೈ ಸಾಕು. ಅದನ್ನು ತಂದೆಯೂ ಕೊಡಬಲ್ಲ. ಕನ್ನಡದಲ್ಲಿ ಸುಮ್ನೆ ಹರಟುವ, ಒಂದೇ ಕತೆಯನ್ನು ಹತ್ತು ಸಲ ಹೇಳುವ ದೊಡ್ಡವರು ಒಂದೂವರೆ ವರ್ಷದಿಂದ ನಾಲ್ಕು ವರ್ಷದೊಳಗೆ ಬೇಕು. ನಾಲ್ಕಕ್ಕೆ ಇಲ್ಲಿ ಶಾಲೆ ಶುರು. ಆಮೇಲೆ ಮಗು ಹೆಚ್ಚು ಹೊತ್ತು ಇರುವುದೇ ಡಚ್‌ನಲ್ಲಿ. ಆಗ ಅಜ್ಜಿ ಬಂದರೆ ಇಬ್ಬರ ನಡುವೆ ನಾವು ಕೂತು ಮಾತು ದಾಟಿಸಬೇಕಾಗುತ್ತದೆ. ಅಂಥ ಮನೆಗಳನ್ನೂ ನೋಡಿದ್ದೇನೆ. ಅಜ್ಜಿಗೆ ಮೊಮ್ಮಗನ ಹತ್ತಿರ ಏನು ಮಾತಾಡಬೇಕು ಅಂತ ತಿಳಿಯದೆ 'ಊಟ ಆಯ್ತಾ?' ಅನ್ನುವುದೊಂದೇ ಉಳಿದಿರುತ್ತದೆ. ಅದನ್ನು ನೋಡಲು ಬೇಜಾರಾಗುತ್ತದೆ.

ಅಜ್ಜಂದಿರ ಕಷ್ಟ ಇನ್ನೊಂದು ಬಗೆ. ಅಜ್ಜಿಗೆ ಕೆಲಸ ಜಾಸ್ತಿ, ಅಜ್ಜನಿಗೆ ಕೆಲಸವೇ ಇಲ್ಲ. ಬೆಳಿಗ್ಗೆ ಆರಕ್ಕೆ ಪೇಪರ್ ಇಲ್ಲ, ಕಟ್ಟೆ ಇಲ್ಲ, ಹೋಟೆಲಿನ ಬೈಟು ಕಾಫಿ ಇಲ್ಲ. ಚಳಿಗಾಲದಲ್ಲಿ ಬಂದವರಂತೂ ಕಿಟಕಿ ಪಕ್ಕ ಕೂತು ಮೊಬೈಲ್ ನೋಡಿ ನೋಡಿ ಸೊರಗುತ್ತಾರೆ. ನಮ್ಮ ಮಾವನಿಗೆ ನಾವು ಒಂದು ಕೆಲಸ ಕೊಟ್ಟೆವು. ವಾರಕ್ಕೆ ಎರಡು ದಿನ ಸಂಜೆ ಮಗುವನ್ನು ತಳ್ಳುಗಾಡಿಯಲ್ಲಿ ಕರೆದುಕೊಂಡು ಕಾಲುವೆಯ ದಂಡೆಗೆ ಹೋಗುವುದು. ಆ ಹೊತ್ತು ನಾವು ಯಾರೂ ಜೊತೆಗೆ ಹೋಗುವುದಿಲ್ಲ. ಕಾಲುವೆಯ ಹತ್ತಿರ ಗಾಳ ಹಾಕಿಕೊಂಡು ಕೂರುವ ಇಬ್ಬರು ಡಚ್ ಮುದುಕರು ಅವರಿಗೆ ಸ್ನೇಹಿತರಾದರು. ಭಾಷೆ ಒಂದಿಷ್ಟೂ ಬಾರದು. ಮೀನು ಸಿಕ್ಕರೆ ಎತ್ತಿ ತೋರಿಸುತ್ತಾರೆ, ವಾಪಸು ನೀರಿಗೆ ಬಿಡುತ್ತಾರೆ. 'ಹಿಡಿದ ಮೀನು ಬಿಟ್ಟುಬಿಡ್ತಾರಲ್ಲಪ್ಪ' ಅಂತ ಮಾವ ಮನೆಗೆ ಬಂದು ಎಲ್ಲರಿಗೂ ಹೇಳುತ್ತಿದ್ದರು. ಮಗಳಿಗೆ ಆ ದಿನಗಳು ತಾತನ ದಿನಗಳು ಅಂತ ಗೊತ್ತಾಗಿಹೋಗಿತ್ತು. ಹೊತ್ತಾದರೆ ತಾನೇ ಚಪ್ಪಲಿ ತಂದು ಅವರ ಮುಂದೆ ಇಡುತ್ತಿದ್ದಳು.

ಇದನ್ನು ನಾನು ಕಲಿತಿದ್ದು ಡಚ್ಚರ ಆ ಬುಧವಾರದಿಂದಲೇ. ಅಜ್ಜ-ಅಜ್ಜಿಗೆ ಮಗುವಿನ ಜೊತೆ ತಮ್ಮದೇ ಅಂತ ಒಂದು ಹೊತ್ತು ಬಿಟ್ಟುಕೊಡಿ. ಅದು ಅವರದು. ಆಗ ಮಗುವಿಗೆ ಏನು ತಿನ್ನಿಸಿದರು, ಎಷ್ಟು ಹೊತ್ತು ಕಾರ್ಟೂನ್ ತೋರಿಸಿದರು ಅಂತ ವಿಚಾರಣೆ ಬೇಡ. ಉಳಿದ ಹೊತ್ತು ಅವರು ಮಲಗಲಿ, ಓದಲಿ, ರೈಲು ಹತ್ತಿ ಊರು ನೋಡಲಿ. ನಮ್ಮಲ್ಲಿ ಇದು ಉಲ್ಟಾ ಆಗಿದೆ. ಇಡೀ ದಿನ ಅವರ ಕೈಯಲ್ಲಿ ಮಗು ಇರುತ್ತದೆ, ಆದರೆ ಒಂದು ನಿಮಿಷವೂ ಅವರ ಇಷ್ಟದಂತೆ ನಡೆಯುವುದಿಲ್ಲ. 'ಅಮ್ಮ, ಸಕ್ಕರೆ ಹಾಕ್ಬೇಡ', 'ಅಮ್ಮ, ಕಾಡಿಗೆ ಹಚ್ಬೇಡ'. ಕಾಡಿಗೆ ಬೇಡ ಅನ್ನುವುದಕ್ಕೆ ಕಾರಣವಿದೆ, ಎಷ್ಟೋ ಕಾಡಿಗೆಗಳಲ್ಲಿ ಸೀಸ ಇರುತ್ತದೆ. ಮಗುವನ್ನು ಅಂಗಾತವೇ ಮಲಗಿಸಬೇಕು ಅನ್ನುವುದಕ್ಕೂ ಕಾರಣವಿದೆ. ಅಂಥ ಎರಡು-ಮೂರು ವಿಷಯವನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರೆ ಯಾವ ಅಜ್ಜಿಯೂ ಒಲ್ಲೆ ಅನ್ನುವುದಿಲ್ಲ. ಉಳಿದದ್ದನ್ನು ಬಿಟ್ಟುಬಿಡಬಹುದು.

ಟಿಕೆಟ್ಟಿನ ದುಡ್ಡಿನ ವಿಷಯವನ್ನೂ ಹೇಳಬೇಕು. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಡಚ್ ಅಜ್ಜಿ ಇದ್ದಾರೆ. ಅವರ ಮಗಳು ನ್ಯೂಜಿಲೆಂಡಿನಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಲಕ್ಷಾಂತರ ಡಚ್ಚರು ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಅಂತ ಹಡಗು ಹತ್ತಿ ಹೋದರು. ಈ ಅಜ್ಜಿಯ ಅತ್ತೆಯೊಬ್ಬರೂ ಹಾಗೆ ಕೆನಡಾಕ್ಕೆ ಹೋದವರು. ಅವರ ಮಕ್ಕಳನ್ನು, ಇಲ್ಲೇ ಉಳಿದ ಆ ಮಕ್ಕಳ ಅಜ್ಜಿ ಫೋಟೋದಲ್ಲಿ ಬಿಟ್ಟರೆ ಕಂಡಿದ್ದೇ ಇಲ್ಲವಂತೆ. ಆ ನೆನಪು ಇವರ ಮನೆಯಲ್ಲಿ ಇನ್ನೂ ಇದೆ. ಅದಕ್ಕೇ ಇವರು ಕೂಡಿಟ್ಟ ದುಡ್ಡಿನಲ್ಲಿ, ಆಗಾಗ ಒಂದೂವರೆ ತಿಂಗಳ ಮಟ್ಟಿಗೆ ನ್ಯೂಜಿಲೆಂಡಿಗೆ ಹೋಗುತ್ತಾರೆ. ಮಗಳ ಮನೆಯಲ್ಲಿ ಉಳಿಯುವುದಿಲ್ಲ. ಎರಡು ಬೀದಿ ಆಚೆ ಸಣ್ಣ ಮನೆ ಬಾಡಿಗೆಗೆ ಹಿಡಿಯುತ್ತಾರೆ. ವಾರಕ್ಕೆ ಮೂರು ಮಧ್ಯಾಹ್ನ ಮಕ್ಕಳು ಇವರ ಹತ್ತಿರ. ಬೇಜಾರಾದರೆ ಬೇಗ ಬರಬಹುದು, ಇಷ್ಟವಾದರೆ ಇನ್ನೊಂದು ವಾರ ಇರಬಹುದು. ಯಾರಿಗೂ ಯಾರ ಹಂಗೂ ಇಲ್ಲ.

ನಮ್ಮಲ್ಲಿ ಟಿಕೆಟ್ ಮಗನೋ ಮಗಳೋ ಮಾಡಿಸುತ್ತಾರೆ. ಮಾಡಿಸಬೇಕಾದ್ದೇ. ಆದರೆ ಅಲ್ಲೇ ಒಂದು ತೊಡಕು ಹುಟ್ಟುತ್ತದೆ. 'ಅಷ್ಟು ದುಡ್ಡು ಕೊಟ್ಟು ಕರೆಸಿಕೊಂಡಿದ್ದಾರೆ, ಸುಮ್ನೆ ಕೂತರೆ ಹೇಗೆ' ಅಂತ ಅಮ್ಮನಿಗೆ. 'ಇಷ್ಟು ದುಡ್ಡು ಹಾಕಿದ ಮೇಲೆ ಪೂರ್ತಿ 90 ದಿನ ಇರಲಿ' ಅಂತ ನಮಗೆ. ಎರಡು ತಿಂಗಳಾಗುವಾಗ ಊರಿನ ಕಡೆ ಮನಸ್ಸು ಎಳೆದರೂ ಹೇಳಲಾರರು. ಬೆಂಗಳೂರು-ಆಮ್‌ಸ್ಟರ್‌ಡ್ಯಾಮ್ ನಡುವೆ ಈಗ ನೇರ ವಿಮಾನ ಇದೆ. ದುಬೈಯಲ್ಲೋ ದೋಹಾದಲ್ಲೋ ನಡುರಾತ್ರಿ ಇಳಿದು ಬೇರೆ ಗೇಟು ಹುಡುಕುವ ಪಾಡಿಲ್ಲ. ಗಾಲಿಕುರ್ಚಿ ಬೇಕು ಅಂತ ಮೊದಲೇ ತಿಳಿಸಿದರೆ ಬಾಗಿಲಿನಿಂದ ಬಾಗಿಲಿಗೆ ಕರೆತರುತ್ತಾರೆ, ಅದಕ್ಕೆ ದುಡ್ಡಿಲ್ಲ. ಒಂದು ಉದ್ದನೆಯ ಪ್ರವಾಸದ ಬದಲು ಎರಡು ಚಿಕ್ಕವು ಮಾಡಿದರೆ ಒಂದು ಟಿಕೆಟ್ಟಿನ ಖರ್ಚು ಜಾಸ್ತಿ, ನಿಜ. ಆ ಖರ್ಚು ಸಾರ್ಥಕ ಅಂತ ನಾನು ಹೇಳುತ್ತೇನೆ. ಕೈಲಾಗದವರು ಮೊದಲ ಪ್ರವಾಸವನ್ನೇ ಮುಂದೆ ಹಾಕಿ, ಮಗುವಿಗೆ ಎರಡು ವರ್ಷವಾದಾಗ ಕರೆಸಲಿ.

ಚಿಕ್ಕ ಪ್ರವಾಸಗಳಿಗೆ ಇನ್ನೊಂದು ಲಾಭವೂ ಇದೆ. ಭಾರತದವರಿಗೆ ಅಂತಲೇ 2024ರ ಏಪ್ರಿಲ್‌ನಲ್ಲಿ ಯುರೋಪಿನ ಒಕ್ಕೂಟ ವೀಸಾ ನಿಯಮ ಸಡಿಲಿಸಿತು. ಹಿಂದಿನ ಮೂರು ವರ್ಷದಲ್ಲಿ ಎರಡು ವೀಸಾ ಪಡೆದು ಸರಿಯಾಗಿ ಬಳಸಿದ್ದರೆ, ಮುಂದಿನದು ಎರಡು ವರ್ಷ ಎಷ್ಟು ಸಲ ಬೇಕಾದರೂ ಬಂದುಹೋಗುವ ವೀಸಾ ಸಿಗಬಹುದು. ಅದಾದ ಮೇಲೆ, ಪಾಸ್‌ಪೋರ್ಟಿನ ಅವಧಿ ಇದ್ದರೆ, ಐದು ವರ್ಷದ್ದು. ಹೆರಿಗೆಗೊಮ್ಮೆ ಬಂದು ಐದು ವರ್ಷ ಬಿಟ್ಟು ಇನ್ನೊಂದು ಹೆರಿಗೆಗೆ ಬರುವವರಿಗೆ ಇದು ದಕ್ಕುವುದೇ ಇಲ್ಲ. ಅವರು ಪ್ರತಿ ಸಲವೂ ಮೊದಲಿನಿಂದ ಕಾಗದ ಹೊಂದಿಸಬೇಕು.

ಡಚ್ಚರದ್ದೇ ಎಲ್ಲ ಚೆಂದ ಅಂತ ನಾನು ಹೇಳುತ್ತಿಲ್ಲ. ಇಲ್ಲಿನ ಅಜ್ಜಿ ಸಂಜೆಯಾದರೆ ಮಗುವನ್ನು ಒಪ್ಪಿಸಿ ಹೊರಡುತ್ತಾಳೆ. ರಾತ್ರಿ ಅಜ್ಜಿಯ ಹೊಟ್ಟೆಗೆ ಅಂಟಿಕೊಂಡು ಮಲಗುವ ಸುಖ ಇಲ್ಲಿನ ಮಕ್ಕಳಿಗೆ ಅಪರೂಪ. ಜ್ವರ ಬಂದ ಮಗುವಿನ ತಲೆ ಒತ್ತುತ್ತಾ ಮೂರು ಗಂಟೆಗೆ ಎಚ್ಚರವಿರುವ, ಅಪ್ಪ ಬೈದಾಗ ಹಿಂದೆ ಅಡಗಲು ಸಿಗುವ ಅಜ್ಜಿ ಒಂದೇ ಮನೆಯಲ್ಲಿ ಇದ್ದಾಗಲೇ ಸಾಧ್ಯ. ಅದು ನಮ್ಮ ರೀತಿಯ ಬಲ. ಬೀದಿಯ ಕೊನೆಯ ಅಜ್ಜಿಯೇ ನಮ್ಮ ಮನೆಯಲ್ಲಿ ಇದನ್ನು ನೋಡಿ, ನನ್ನ ಹತ್ತಿರ ಎರಡು ಮೂರು ಸಲ ಹೇಳಿದ್ದಾರೆ. ನಾನು ಬಿಡಬೇಕು ಅನ್ನುತ್ತಿರುವುದು ಜೊತೆಗಿರುವುದನ್ನಲ್ಲ. ಇರುವ ಸ್ವಲ್ಪ ದಿನವನ್ನು ಪಾತ್ರೆ, ಒಲೆ, ಡಯಾಪರ್‌ಗಳಲ್ಲಿ ಕಳೆಸುವುದನ್ನು.

ದಿನಗಳೇ ಜಾಸ್ತಿ ಸಿಕ್ಕರೆ ಈ ಲೆಕ್ಕಾಚಾರವೆಲ್ಲ ಬೇಕಾಗುವುದಿಲ್ಲ. ಬೇರೆ ದೇಶಗಳು ಇದನ್ನು ಅರ್ಥ ಮಾಡಿಕೊಂಡಿವೆ. ಕೆನಡಾ 2011ರಲ್ಲೇ ತಂದೆ-ತಾಯಿ ಮತ್ತು ಅಜ್ಜ-ಅಜ್ಜಿಯರಿಗೆ ಅಂತಲೇ ಸೂಪರ್ ವೀಸಾ ತಂದಿತು. 2022ರ ಜುಲೈಯಿಂದ ಒಂದು ಸಲಕ್ಕೆ ಐದು ವರ್ಷದವರೆಗೆ ಇರಬಹುದು. ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಇರಬೇಕು, ಕರೆಸುವವರಿಗೆ ತಕ್ಕ ಆದಾಯ ಇರಬೇಕು. ನ್ಯೂಜಿಲೆಂಡ್ 2025ರ ಸೆಪ್ಟೆಂಬರ್ ಕೊನೆಯಿಂದ ತಂದೆ-ತಾಯಿಗೆ ಐದು ವರ್ಷದ ವೀಸಾ ಕೊಡಲು ಶುರು ಮಾಡಿದೆ. ಆಸ್ಟ್ರೇಲಿಯಾದಲ್ಲೂ 2019ರಿಂದ ಮೂರು ಅಥವಾ ಐದು ವರ್ಷದ್ದು ಇದೆ. ಐದು ವರ್ಷದ್ದಕ್ಕೆ ಒಬ್ಬರಿಗೆ ಹತ್ತು ಸಾವಿರ ಡಾಲರಿಗೂ ಮೇಲೆ ತೆರಬೇಕು, ನನಗೆ ಅದು ನ್ಯಾಯ ಅನಿಸುವುದಿಲ್ಲ. ಸ್ವೀಡನ್ ಇನ್ನೊಂದು ಹೆಜ್ಜೆ ಹೋಗಿದೆ. ತಂದೆ-ತಾಯಿ ತಮ್ಮ ಸಂಬಳದ ರಜೆಯಲ್ಲಿ ತಲಾ 45 ದಿನವನ್ನು ಬೇರೆಯವರಿಗೆ, ಅಂದರೆ ಅಲ್ಲೇ ನೆಲೆಸಿದ ಅಜ್ಜ-ಅಜ್ಜಿಗೂ, 2024ರ ಜುಲೈಯಿಂದ ಬಿಟ್ಟುಕೊಡಬಹುದು.

ನೆದರ್‌ಲ್ಯಾಂಡ್ಸ್‌ನಲ್ಲಿ ಮೊಮ್ಮಗುವನ್ನು ನೋಡಲು ಬಂದ ಅಜ್ಜಿಗೂ ಟ್ಯೂಲಿಪ್ ನೋಡಲು ಬಂದ ಪ್ರವಾಸಿಗೂ ವ್ಯತ್ಯಾಸವಿಲ್ಲ. 90 ದಿನದ ನಿಯಮ ಇಡೀ ಶೆಂಗೆನ್‌ನದ್ದು, ಒಂದು ದೇಶ ಅದನ್ನು ಬದಲಿಸಲಾಗದು. ಆದರೆ 90 ದಿನ ಮೀರಿ ಇರಲು ಬಿಡುವುದು ಆಯಾ ದೇಶದ ಕೈಯಲ್ಲೇ ಇದೆ. ಜರ್ಮನಿ 2024ರ ಮಾರ್ಚ್‌ನಿಂದ ಹೊಸದಾಗಿ ಬರುವ ನುರಿತ ಕೆಲಸಗಾರರ ತಂದೆ-ತಾಯಿಗೆ ಅಂಥ ದಾರಿ ತೆರೆದಿದೆ. ನಮ್ಮ ಐಂಡ್‌ಹೋವನ್ ಸುತ್ತಲ ಕಂಪನಿಗಳಿಗೆ ಭಾರತದಿಂದ ಎಂಜಿನಿಯರುಗಳು ಬೇಕು. ಬಂದವರು ಉಳಿಯಬೇಕು ಅನ್ನುವ ಆಸೆಯೂ ಅವಕ್ಕಿದೆ. ಉಳಿಯುವುದೋ ಊರಿಗೆ ಮರಳುವುದೋ ಅನ್ನುವ ಮಾತು ನಮ್ಮಂಥವರ ಮನೆಯಲ್ಲಿ ಏಳುವುದು ಮಕ್ಕಳಾದ ಮೇಲೆ, ಊರಿನಲ್ಲಿ ಅಪ್ಪ-ಅಮ್ಮನಿಗೆ ವಯಸ್ಸಾದಾಗ. ಇದನ್ನು ಕಂಪನಿಗಳು ಸರ್ಕಾರದ ಮುಂದೆ ಹೇಳಿದರೆ ನಾವು ಹೇಳಿದ್ದಕ್ಕಿಂತ ಬೇಗ ಕೇಳಿಸುತ್ತದೆ. ನನ್ನ ಆಫೀಸಿನಲ್ಲಿ ಇದನ್ನು ಬರೆದು ಕೊಟ್ಟಿದ್ದೇನೆ. ಆರು ತಿಂಗಳ ಅಜ್ಜ-ಅಜ್ಜಿ ವೀಸಾ, ಪೂರ್ತಿ ವಿಮೆಯ ಖರ್ಚು ನಮ್ಮದೇ, ಸರ್ಕಾರದ ಮೇಲೆ ಒಂದು ಯೂರೋ ಭಾರವಿಲ್ಲ, ಅಂತ. ಇಲ್ಲಿ ಕಾನೂನು ಪ್ರಕಾರ ಸತತ ಐದು ವರ್ಷ ಇದ್ದವರು ಪೌರತ್ವ ಇಲ್ಲದಿದ್ದರೂ ಪುರಸಭೆ ಚುನಾವಣೆಯಲ್ಲಿ ಓಟು ಹಾಕಬಹುದು. ಓಟು ಕೇಳಲು ಬರುವ ಪಕ್ಷಗಳಿಗೆ ದಿಲ್ಲಿಯಷ್ಟು ದೂರವಿಲ್ಲದ, ಇಲ್ಲಿನ ಸಂಸತ್ತು ಇರುವ ಹೇಗ್‌ನಲ್ಲಿ ಸಂಸದರಿದ್ದಾರೆ. ಮುಂದಿನ ಸಲ ಅವರು ನಿಮ್ಮ ಬಾಗಿಲಿಗೆ ಬಂದಾಗ ಕಸದ ಡಬ್ಬಿ, ಪಾರ್ಕಿಂಗ್ ಜೊತೆಗೆ ಇದನ್ನೂ ಕೇಳಿ.